ತೊಡೆ ಮೇಲಿನ ಗಿಟಾರ್: ಅಗ್ಗದ ಹಳೇ ಲ್ಯಾಪ್ ಸ್ಟೀಲ್ ನೋಡಿ ಕೊಳ್ಳುವುದು ಹೇಗೆ?

ಸುನೀಲ್ ಗಂಗೂಲಿ ನುಡಿಸಿದ ಹಿಂದಿ ಸಿನಿಮಾ ಹಾಡುಗಳನ್ನು ಕೇಳಿದವರಿಗೆ ಈ ನಾದ ಗೊತ್ತಿರುತ್ತದೆ. ಸ್ವರದಿಂದ ಸ್ವರಕ್ಕೆ ಜಾರಿಕೊಂಡೇ ಹೋಗುವ ಗಿಟಾರ್ ಅದು, ಲ್ಯಾಪ್ ಸ್ಟೀಲ್ ಎಂಬುದು ಈ ಜಾತಿಯದೇ. ಬೆರಳಿನಿಂದ ತಂತಿ ಒತ್ತುವುದಿಲ್ಲ. ವಾದ್ಯವನ್ನು ಮಲಗಿಸಿಕೊಂಡು ಎಡಗೈಯ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಓಡಿಸುತ್ತಾರೆ, ನಮ್ಮ ಗೋಟುವಾದ್ಯದ ಹಾಗೇ.

ಹವಾಯಿಯಲ್ಲಿ ಹುಟ್ಟಿದ ಈ ಶೈಲಿಗೆ 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಅಮೆರಿಕ ಮರುಳಾಯಿತು. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಗಿಟಾರ್ ಕೂಡ ತೊಡೆಯ ಮೇಲಿಟ್ಟು ನುಡಿಸುವಂಥದ್ದೇ. ಆಮೇಲೆ ಕಲಿಯುವ ಮಕ್ಕಳಿಗೆಂದು ಅಗ್ಗದ ಮಾದರಿಗಳು ರಾಶಿ ರಾಶಿ ತಯಾರಾದವು. ಆನ್‌ಲೈನ್‌ನಲ್ಲಿ ಈಗ ಮಾರಾಟಕ್ಕೆ ಕಾಣುವುದು ಹೆಚ್ಚಾಗಿ ಅವೇ. ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವ ಯೋಚನೆ ಇದ್ದರೆ, ದುಡ್ಡು ಕಳಿಸುವ ಮುಂಚೆ ಇಷ್ಟು ನೋಡಿ.

ಮೊದಲು, ಅದು ನಿಜಕ್ಕೂ ಲ್ಯಾಪ್ ಸ್ಟೀಲೇ ಅಲ್ವಾ ಅಂತ ಖಚಿತ ಮಾಡಿಕೊಳ್ಳಿ. ತಂತಿಗಳು ಹಲಗೆಯಿಂದ ತುಂಬಾ ಮೇಲಿರಬೇಕು. ಕತ್ತಿನ ಹಿಂಭಾಗ ಸಾಮಾನ್ಯವಾಗಿ ದುಂಡಗಿರುವುದಿಲ್ಲ, ಚೌಕವಾಗಿರುತ್ತದೆ. ಮೆಟ್ಟುಗಳ ಜಾಗದಲ್ಲಿ ಬರೀ ಗೆರೆಗಳಿರುತ್ತವೆ.

ಎರಡನೆಯದು ಹೆಸರು. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಶಿಕಾಗೊದ ವ್ಯಾಲ್ಕೊ ಕಂಪನಿ ದುಬಾರಿ ನ್ಯಾಷನಲ್ ಜೊತೆಗೆ ಅಗ್ಗದ ಸುಪ್ರೊವನ್ನೂ ಮಾಡುತ್ತಿತ್ತು. ಮಾಂಟ್‌ಗಮರಿ ವಾರ್ಡ್ ಅಂಗಡಿಗೆ ಏರ್‌ಲೈನ್ ಅಂತ, ಪಾಠದ ಪುಸ್ತಕದ ಜೊತೆ ಗಿಟಾರ್ ಮಾರುತ್ತಿದ್ದ ಕ್ಲೀವ್‌ಲ್ಯಾಂಡ್‌ನ ಓಆಹು ಸಂಸ್ಥೆಗೆ ಓಆಹು ಅಂತ ಹೆಸರು ಅಂಟಿಸಿ ಕೊಡುತ್ತಿತ್ತು. ಕಾರ್ಖಾನೆ ಒಂದೇ, ಹಣೆಪಟ್ಟಿ ಬೇರೆ. ಹಾಗಾಗಿ ಹೆಸರಿಗಿಂತ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ, ನೋಡುವುದು ಮುಖ್ಯ.

ವ್ಯಾಲ್ಕೊದ ಹಲವು ಮಾದರಿಗಳಲ್ಲಿ ತಂತಿಗಳು ಪಿಕಪ್‌ನ ಮೇಲೆ ಹಾದುಹೋಗುವುದಿಲ್ಲ, ಅದರ ಒಳಗೇ ತೂರಿ ಹೋಗುತ್ತವೆ. ಲೋಹದ ಪೆಟ್ಟಿಗೆಯ ಈ ಕಡೆ ಹೊಕ್ಕು ಆ ಕಡೆ ಹೊರಬರುತ್ತವೆ. ದನಿ ದಪ್ಪ, ಸ್ವಲ್ಪ ಒರಟು, ಕೇಳುತ್ತಾ ಕೂರುವಂಥದ್ದು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಇಂಥ ಪಿಕಪ್ ಒಂದನ್ನು ತಮ್ಮ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಾಟೊಕಾಸ್ಟರ್‌ಗೆ ಹಾಕಿಕೊಂಡ ಮೇಲೆ ಇದಕ್ಕೆ ಬೇಡಿಕೆ ಬಂತು. ಪಿಕಪ್ ಕಿತ್ತು ಬೇರೆ ಮಾರಿ, ಉಳಿದ ಮರವನ್ನು ಬೇರೆ ಮಾರುವವರೂ ಇದ್ದಾರೆ. ನನ್ನ ಮಟ್ಟಿಗೆ, ಪಿಕಪ್ ಬದಲಾದ ಮಿರಮಿರ ವಾದ್ಯಕ್ಕಿಂತ ಬಣ್ಣ ಹೋದ ಅಸಲಿ ಸುಪ್ರೊ ಎಷ್ಟೋ ಮೇಲು.

ಪಿಕಪ್ ಬದುಕಿದೆಯೇ ಅಂತ ತಿಳಿಯಲು ಮಲ್ಟಿಮೀಟರ್ ಸಾಕು. ಗಿಟಾರ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ತಿರುಗಿಸಿ. ಕೇಬಲ್‌ನ ಇನ್ನೊಂದು ತುದಿಯ ಪಿನ್ನಿನ ಮೂತಿಗೂ ಬುಡಕ್ಕೂ ಮೀಟರ್ ಕಡ್ಡಿ ಹಿಡಿಯಬೇಕು. ಕೆಲವು ಸಾವಿರ ಓಮ್ (ವಿದ್ಯುತ್ ರೋಧದ ಅಳತೆ) ತೋರಿಸಿದರೆ ಪಿಕಪ್ ಒಳಗಿನ ತಂತಿ ಸುರುಳಿ ಸರಿ ಇದೆ. ಲಕ್ಷಗಟ್ಟಲೆ ಓಮ್ ಬಂದರೆ ಸುರುಳಿ ಎಲ್ಲೋ ತುಂಡಾಗಿದೆ. ಮೀಟರ್ ತೋರಿಸುತ್ತಿರುವುದು ಬರೀ ವಾಲ್ಯೂಮ್ ಗುಂಡಿಯ ಕೆಳಗಿರುವ ಬಿಡಿಭಾಗದ, ಅಂದರೆ ಪಾಟ್‌ನ ಲೆಕ್ಕ. ಹೊಸದಾಗಿ ಸುತ್ತಿಸಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ವಯಸ್ಸು ತಿಳಿಯಬೇಕಾದರೆ ಅದೇ ಪಾಟ್‌ನ ಬೆನ್ನು ನೋಡಿ. ಫೋಟೊ ಕೇಳಿ, ಸಂಕೋಚ ಬೇಡ. ಅಲ್ಲಿ ಒತ್ತಿರುವ ಅಂಕಿಗಳಲ್ಲಿ ಮೊದಲ ಮೂರು ಪಾಟ್ ತಯಾರಕರದ್ದು: 304 ಅಂದರೆ ಸ್ಟ್ಯಾಕ್‌ಪೋಲ್, 137 ಅಂದರೆ ಸಿಟಿಎಸ್. ಮುಂದಿನದು ವರ್ಷ, ಕೊನೆಯ ಎರಡು ವಾರ. 304632 ಅಂತಿದ್ದರೆ 6ರಲ್ಲಿ ಮುಗಿಯುವ ವರ್ಷದ 32ನೇ ವಾರ. ಅದು 1946 ಆಗಬಹುದು, 1956 ಕೂಡ ಆಗಬಹುದು. ವಾದ್ಯದ ರೂಪ ನೋಡಿ ತೀರ್ಮಾನಿಸಬೇಕು. ಪಾಟ್ ಮೂಲದ್ದೇ ಆಗಿದ್ದರೆ ವಾದ್ಯ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. 'ಯುದ್ಧಕ್ಕೂ (ಎರಡನೇ ಮಹಾಯುದ್ಧ) ಮುಂಚಿನದು' ಎಂಬ ಮಾರಾಟದ ಮಾತು ಎಷ್ಟೋ ಸಲ ಇಲ್ಲೇ ಬಿದ್ದುಹೋಗುತ್ತದೆ.

ಟೇಪು ಹಿಡಿದು ಅಳೆಯಿರಿ. ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿ ನಟ್, ಇನ್ನೊಂದು ತುದಿಯದು ಬ್ರಿಡ್ಜ್. ನಟ್‌ನಿಂದ 12ನೇ ಗೆರೆಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಡ್ಜ್‌ಗೂ ಅಷ್ಟೇ ಇರಬೇಕು. ಇಲ್ಲದಿದ್ದರೆ ಬ್ರಿಡ್ಜ್ ಯಾರೋ ಸರಿಸಿದ್ದಾರೆ, ಗೆರೆ ನಂಬಿ ನುಡಿಸಿದರೆ ಅಪಸ್ವರವೇ. ಬಿರಡೆಗಳನ್ನೂ ತಿರುಗಿಸಿ ನೋಡಿ. ಅವುಗಳ ಪ್ಲಾಸ್ಟಿಕ್ ಗುಂಡಿಗಳು ಮುಟ್ಟಿದರೆ ಪುಡಿಯಾಗುವುದುಂಟು.

ಮುತ್ತಿನ ಚಿಪ್ಪಿನಂತೆ ಹೊಳೆಯುವ ಹೊದಿಕೆ ಇದೆಯೇ? ಅದು ಸೆಲ್ಯುಲಾಯ್ಡ್. ಅಮೆರಿಕದವರು ತಮಾಷೆಗೆ ಅದನ್ನು ಕಮೋಡ್ ಸೀಟಿಗೆ ಹೋಲಿಸುತ್ತಾರೆ. ಹಳದಿ ತಿರುಗಿದ್ದರೆ ಚಿಂತೆಯಿಲ್ಲ. ಅಂಟಂಟಾಗಿ, ಬಿರುಕು ಬಿಟ್ಟು, ಪಕ್ಕದ ಲೋಹವೂ ತುಕ್ಕು ಹಿಡಿದಿದ್ದರೆ ಕೊಳ್ಳಬೇಡಿ. ಥಿನ್ನರ್, ಅಸಿಟೋನ್ ಹಾಕಿ ಒರೆಸಿದರೆ ಹೊದಿಕೆ ಕರಗುತ್ತದೆ. ಬೇಗ ಬೆಂಕಿಯೂ ಹತ್ತುತ್ತದೆ, ಹತ್ತಿರದಲ್ಲಿ ಬೆಸುಗೆ ಹಾಕುವಾಗ ಹುಷಾರು.

ವಾದ್ಯ ಕೈಗೆ ಬಂತು ಅನ್ನಿ. ಹಳೇ ತಂತಿ ತೆಗೆದು ಹೊಸದು ಹಾಕಿ. ಕತ್ತು ಗಿಡ್ಡವಿರುವುದರಿಂದ ಮಾಮೂಲಿ ಗಿಟಾರ್ ತಂತಿ ಸಡಿಲವಾಗುತ್ತದೆ, ತುಸು ದಪ್ಪದ್ದು ಇರಲಿ. ಶುರುವಿಗೆ ಓಪನ್ ಡಿ ಶ್ರುತಿ ಸುಲಭ: ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಕರ್ನಾಟಕ ಸಂಗೀತ ಕಲಿತವರು ಇದನ್ನು ಸ-ಪ-ಸ-ಗ-ಪ-ಸ ಎಂದುಕೊಳ್ಳಿ, ಗಾಂಧಾರ ಅಂತರ. ಉಕ್ಕಿನ ತುಂಡನ್ನು ಗೆರೆಯ ಹಿಂದಲ್ಲ, ಸರಿಯಾಗಿ ಗೆರೆಯ ನೆತ್ತಿಯ ಮೇಲೆ ಇಡಿ. ಅದರ ಹಿಂದಿರುವ ಬೆರಳುಗಳನ್ನು ತಂತಿಗೆ ಹಗುರವಾಗಿ ತಾಗಿಸಿ, ಇಲ್ಲದಿದ್ದರೆ ಕಿರ್ ಅನ್ನುತ್ತದೆ. ಒತ್ತಬೇಡಿ, ತೂಕಕ್ಕೇ ಬಿಡಿ. ಷಡ್ಜದಿಂದ ಪಂಚಮಕ್ಕೆ ನಿಧಾನವಾಗಿ ಒಂದು ಜಾರು ಹಾಕಿ. ಗೆರೆ ತಲುಪುವ ಹೊತ್ತಿಗೆ ಕಣ್ಣನ್ನು ನಂಬದೆ ಕಿವಿಗೇ ವಹಿಸಿ.