ಗಡ್ಡದ ಎಬರ್‌ಹಾರ್ಡ್‌ನನ್ನು ಅವನ ಊರುಗಳಲ್ಲೇ ತಿಳಿದುಕೊಳ್ಳುವುದು ಹೇಗೆ

ಊರಿಂದ ನೆಂಟರು ಸ್ಟುಟ್‌ಗಾರ್ಟಿಗೆ ಬಂದರೆ ಮೊದಲು ಕೇಳುವುದೇ ಕಾರಿನ ಮ್ಯೂಸಿಯಂ. ತೋರಿಸಿ, ತಪ್ಪಿಲ್ಲ. ಅದಾದ ಮೇಲೂ ಎರಡು ದಿನ ಬಿಡುವಿದ್ದರೆ ಎಬರ್‌ಹಾರ್ಡ್‌ನ ಹಿಂದೆ ಹೊರಡಿ. ಜರ್ಮನಿಯ ವ್ಯುರ್ಟೆಂಬರ್ಗ್ ಅನ್ನೋ ಈ ಸೀಮೆ ಹೋಳಾಗಿದ್ದಾಗ ಅದನ್ನು ಮತ್ತೆ ಒಂದು ಮಾಡಿದ ದೊರೆ ಅವನು. ನಮ್ಮ ಮನೆ ಇರುವುದು ರಾಯ್ಟ್‌ಲಿಂಗೆನ್‌ನಲ್ಲಿ. ಬಂದವರನ್ನೆಲ್ಲ ನಾನು ಈ ದಾರಿಯಲ್ಲಿ ಸುತ್ತಿಸುತ್ತೇನೆ. ಯಾವುದನ್ನು ಮೊದಲು ನೋಡಬೇಕು, ಎಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು ಅಂತ ಇಲ್ಲಿ ಬರೆದಿದ್ದೇನೆ.

ಹೊರಡುವ ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳಿ. ಈ ಮನೆತನದಲ್ಲಿ ಎಬರ್‌ಹಾರ್ಡ್‌ಗಳು ಬೇಕಾದಷ್ಟು ಜನ. ನಮ್ಮವನು ಕೌಂಟ್ ಆಗಿ ಐದನೇ ಎಬರ್‌ಹಾರ್ಡ್, ಅದಕ್ಕಿಂತ ಮೇಲಿನ ಪದವಿಯಾದ ಡ್ಯೂಕ್ ಆಗಿ ಒಂದನೇ ಎಬರ್‌ಹಾರ್ಡ್. ಒಂದು ಬೋರ್ಡಿನಲ್ಲಿ ಐದು, ಇನ್ನೊಂದರಲ್ಲಿ ಒಂದು ಅಂತ ಕಂಡರೆ ಗಾಬರಿ ಬೇಡ. 'ಗಡ್ಡದ' ಅನ್ನೋ ಅಡ್ಡಹೆಸರು ಇದೆಯಾ ನೋಡಿ, ಸಾಕು. ಇನ್ನೊಂದು ವಿಷಯ. ಅವನು ಡ್ಯೂಕ್ ಆಗಿದ್ದು 1495ರ ಜುಲೈನಿಂದ 1496ರ ಫೆಬ್ರವರಿವರೆಗೆ ಮಾತ್ರ. ಬರೀ ಏಳು ತಿಂಗಳು! ಅದಕ್ಕೆ ಮುಂಚಿನ ಯಾವ ಪತ್ರದಲ್ಲೂ ಅವನು ಡ್ಯೂಕ್ ಅಲ್ಲ, ಕೌಂಟ್. ಆಳ್ವಿಕೆ ಮಾತ್ರ ಹದಿನಾಲ್ಕನೇ ವಯಸ್ಸಿನಿಂದಲೇ ಶುರುವಾಗಿತ್ತು.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಅಣ್ಣ ಲುಡ್ವಿಗ್, ತಮ್ಮ ಉಲ್ರಿಚ್ ಅಂತ ಬರೆಯಿರಿ. 1442ರಲ್ಲಿ ಇವರಿಬ್ಬರೂ ನ್ಯುರ್ಟಿಂಗೆನ್‌ನಲ್ಲಿ ಕೂತು ನಾಡನ್ನು ಪಾಲು ಮಾಡಿಕೊಂಡರು. ಅಣ್ಣನಿಗೆ ಉರಾಖ್ ಕಡೆಯ ಪಾಲು, ತಮ್ಮನಿಗೆ ಸ್ಟುಟ್‌ಗಾರ್ಟ್ ಕಡೆಯದು. ಲುಡ್ವಿಗನ ಕೆಳಗೆ ನಮ್ಮ ಎಬರ್‌ಹಾರ್ಡ್. ಉಲ್ರಿಚನ ಕೆಳಗೆ ಇನ್ನೊಬ್ಬ ಎಬರ್‌ಹಾರ್ಡ್, ಅವನನ್ನು ಕಿರಿಯ ಅಂತ ಕರೆಯುತ್ತಾರೆ. ದಾಯಾದಿ ಪಾಲು ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮುಂದೆ ನೋಡುವ ಎಲ್ಲದಕ್ಕೂ ಈ ಪಾಲೇ ಬೇರು. ಆ ಹಾಳೆಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಮೊದಲ ದಿನ ಉರಾಖ್. ಈಗಿನ ಹೆಸರು ಬಾಡ್ ಉರಾಖ್. ಮೆಟ್ಸಿಂಗೆನ್‌ನಲ್ಲಿ ರೈಲು ಬದಲಾಯಿಸಬೇಕು. ಅಲ್ಲಿ ಔಟ್‌ಲೆಟ್ ಅಂಗಡಿಗಳಿವೆ. ನೆಂಟರು ಹೋಗುವಾಗಲೇ ಇಳಿದುಬಿಟ್ಟರೆ ಅವತ್ತಿನ ಇತಿಹಾಸ ಮುಗಿದಂತೆಯೇ. ವಾಪಸ್ ಬರುವಾಗ ಇಳಿಯೋಣ ಅಂತ ಮೊದಲೇ ಹೇಳಿಬಿಡಿ. ಸೋಮವಾರ ಹೋಗಬೇಡಿ, ಇಲ್ಲಿ ಅರಮನೆ, ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಅವತ್ತೇ ರಜೆ.

ಎಬರ್‌ಹಾರ್ಡ್ ಹುಟ್ಟಿದ್ದು ಇಲ್ಲೇ, 1445ರ ಡಿಸೆಂಬರ್‌ನಲ್ಲಿ. ಐದು ವರ್ಷ ತುಂಬುವ ಮೊದಲೇ ಅಪ್ಪ ಹೋದ. 1457ರಲ್ಲಿ ಎಬರ್‌ಹಾರ್ಡ್‌ನ ಸ್ವಂತ ಅಣ್ಣನೂ ಹೋದ. ಹುಡುಗನ ಪರವಾಗಿ ಯಾರು ಆಳಬೇಕು ಅನ್ನೋದನ್ನು ತೀರ್ಮಾನಿಸಲು ಅದೇ ವರ್ಷ ಲಿಯೋನ್‌ಬರ್ಗ್‌ನಲ್ಲಿ ಸಭೆ ಸೇರಿತು. ಅಲ್ಲಿ ಪಟ್ಟಣಗಳ ಪ್ರತಿನಿಧಿಗಳೂ ಕೂತಿದ್ದರು. ಇದನ್ನು ನೆನಪಿಡಿ. ಮುಂದೆ ಈ ನಾಡಿನಲ್ಲಿ ಜನರ ಕಡೆಯವರ ಮಾತಿಗೆ ತೂಕ ಬರುತ್ತಾ ಹೋಗುತ್ತದೆ.

ಅರಮನೆಯೊಳಗೆ ಜಾಸ್ತಿ ಹೊತ್ತು ನಿಲ್ಲಬೇಕಾದ್ದು ತಾಳೆಮರದ ಸಭಾಂಗಣದಲ್ಲಿ. ಪಾಲ್ಮೆನ್‌ಜಾಲ್ ಅಂತ ಕೇಳಿ. ಗೋಡೆಯ ಮೇಲೆ ತಾಳೆಮರಗಳು, ಅವುಗಳ ಜೊತೆ ಮನೆತನಗಳ ಲಾಂಛನಗಳು. ಹಿಮ ಬೀಳುವ ಊರಿನಲ್ಲಿ ತಾಳೆಮರ ಎಲ್ಲಿಂದ ಬಂತು? 1468ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಅವನು ಜೆರುಸಲೇಮಿಗೆ ಯಾತ್ರೆ ಹೋಗಿ ಬಂದ. ಆಮೇಲೆ ತಾಳೆಮರವೇ ಅವನ ಗುರುತಾಯಿತು. ಅದರ ಜೊತೆಗೆ 'ಅಟೆಂಪ್ಟೊ' ಅನ್ನೋ ಲ್ಯಾಟಿನ್ ಮಾತು, ಅಂದರೆ 'ಪ್ರಯತ್ನ ಮಾಡುತ್ತೇನೆ'. ಈ ಮಾತು ಇಟ್ಟುಕೊಂಡವನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿಸಿರಲಿಲ್ಲ. ದೊಡ್ಡವನಾದ ಮೇಲೆ ಲ್ಯಾಟಿನ್ ಪುಸ್ತಕಗಳನ್ನು ಜರ್ಮನಿಗೆ ಅನುವಾದ ಮಾಡಿಸಿಕೊಂಡು ಓದಿದ. ಓದಿನ ಹಸಿವು ಅಂದರೆ ಇದು. ಚಿನ್ನದ ಬಣ್ಣದ ಸಭಾಂಗಣವೂ ಒಂದಿದೆ, ನೋಡಲು ಚೆಂದ. ಅದರ ಅಲಂಕಾರ ಮಾತ್ರ ಅವನ ಕಾಲದ್ದಲ್ಲ.

1474ರ ಜುಲೈನಲ್ಲಿ ಇದೇ ಉರಾಖ್‌ನಲ್ಲಿ ಅವನ ಮದುವೆ ನಡೆಯಿತು. ಹೆಣ್ಣು ಇಟಲಿಯ ಮಾಂಟುವಾದವಳು, ಬಾರ್ಬರಾ ಗೊಂಜಾಗ. ಆ ಮನೆತನದ ಕುಟುಂಬವನ್ನು ಚಿತ್ರಕಾರ ಮಾಂಟೆನ್ಯಾ ಮಾಂಟುವಾ ಅರಮನೆಯ ಕೋಣೆಯೊಂದರ ಗೋಡೆ ಮೇಲೆ ಚಿತ್ರಿಸಿದ್ದಾನೆ. ಅದರಲ್ಲಿ ಅವಳೂ ಇದ್ದಾಳೆ. ಫೋನಿನಲ್ಲಿ ಆ ಚಿತ್ರ ತೆಗೆದು ಇಲ್ಲಿ ನಿಂತು ನೋಡಿ. ಅಂಥ ಕಡೆಯಿಂದ ಈ ಗುಡ್ಡಗಳ ನಡುವಿನ ಸಣ್ಣ ಊರಿಗೆ ಸೊಸೆಯಾಗಿ ಬಂದಳು. ಸಾವಿರಾರು ಜನ ಮದುವೆ ಊಟ ಉಂಡರು. ಹುಟ್ಟಿದ್ದು ಒಬ್ಬಳೇ ಮಗಳು, ಅವಳೂ ಕೂಸಾಗಿದ್ದಾಗಲೇ ತೀರಿಕೊಂಡಳು. ಬಾರ್ಬರಾಳ ಬಗ್ಗೆ ಬೋರ್ಡುಗಳಲ್ಲಿ ಬರೆದದ್ದು ಕಡಿಮೆ. ನನಗೆ ಇದು ಸರಿ ಕಾಣುವುದಿಲ್ಲ.

ಅರಮನೆ ಪಕ್ಕದಲ್ಲೇ ಸಂತ ಅಮಾಂಡಸ್ ಚರ್ಚ್. ಒಳಗೆ ಅವನು ಪ್ರಾರ್ಥನೆಗೆ ಕೂರುತ್ತಿದ್ದ ಕೆತ್ತನೆಯ ಮರದ ಪೀಠ ಇದೆ, 1472ರದ್ದು. ದೂರದಿಂದ ನೋಡಿ ಬಂದುಬಿಡಬೇಡಿ, ಹತ್ತಿರ ಹೋಗಿ. ಅರಮನೆಯ ಗೋಡೆಗಳಿಗಿಂತ ಈ ಮರದ ಪೀಠದ ಹತ್ತಿರ ಅವನು ನನಗೆ ಜಾಸ್ತಿ ಸಿಗುತ್ತಾನೆ.

ಮ್ಯೂನ್ಸಿಂಗೆನ್‌ಗೆ ಹೋಗಲೇಬೇಕಂತಿಲ್ಲ. ಆದರೆ ಅಲ್ಲಿ ಆದದ್ದನ್ನು ತಿಳಿಯದೆ ಸ್ಟುಟ್‌ಗಾರ್ಟಿಗೆ ಹೋಗಬೇಡಿ. 1482ರ ಡಿಸೆಂಬರ್ 14ರಂದು ಇಬ್ಬರು ಎಬರ್‌ಹಾರ್ಡ್‌ಗಳೂ ಅಲ್ಲಿ ಒಪ್ಪಂದ ಮಾಡಿಕೊಂಡರು. ಎರಡೂ ಪಾಲು ಸೇರಿಸಿ ಒಂದು ನಾಡು, ಇನ್ನು ಮುಂದೆ ಪಾಲು ಮಾಡುವ ಹಾಗಿಲ್ಲ, ಸದ್ಯಕ್ಕೆ ಆಳ್ವಿಕೆ ನಮ್ಮವನದು. ಜೇಬಿನ ಹಾಳೆ ತೆಗೆದು ಎರಡು ಕೊಂಬೆಗಳನ್ನೂ ಸೇರಿಸಿ ಗೆರೆ ಎಳೆಯಿರಿ. ಅಲ್ಲಿಗೂ ಚಿಂತೆ ತೀರಲಿಲ್ಲ. ಇವನಿಗೆ ಮಕ್ಕಳಿಲ್ಲ, ಇವನ ನಂತರ ಆ ದಾಯಾದಿಯೇ ಪಟ್ಟಕ್ಕೆ ಬರಬೇಕು. ಅವನ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಹಾಗಾಗಿ 1492ರಲ್ಲಿ ಎಸ್ಲಿಂಗೆನ್‌ನಲ್ಲಿ ಇನ್ನೊಂದು ಒಪ್ಪಂದ ಆಯಿತು. ಕಿರಿಯ ಎಬರ್‌ಹಾರ್ಡ್ ಬಂದರೆ ಅವನೊಬ್ಬನೇ ಆಳುವಂತಿಲ್ಲ, ಹನ್ನೆರಡು ಜನರ ಮಂಡಳಿಯೂ ಜೊತೆಗಿರಬೇಕು. ದೊರೆಯೇ ಮುಂದಿನ ದೊರೆಯ ಕೈ ಕಟ್ಟಿದ. ಅವನು ಮಾಡಿದ ಕೆಲಸಗಳಲ್ಲಿ ಇದು ಬಹಳ ದೊಡ್ಡದು ಅಂತ ನನಗನಿಸುತ್ತದೆ. ಅದು ವ್ಯರ್ಥವೂ ಆಗಲಿಲ್ಲ. ಇವನು ಸತ್ತು ಎರಡೇ ವರ್ಷಕ್ಕೆ, 1498ರಲ್ಲಿ, ನಾಡಿನ ಪ್ರತಿನಿಧಿಗಳು ಸೇರಿ ಕಿರಿಯವನನ್ನು ಕೆಳಗಿಳಿಸಿದರು.

ಎರಡನೇ ದಿನ ಬೆಳಗ್ಗೆ ಸ್ಟುಟ್‌ಗಾರ್ಟ್. ಹಳೇ ಅರಮನೆಯ ಅಂಗಳದಲ್ಲಿ ಕುದುರೆ ಮೇಲೆ ಕೂತ ಅವನ ಪ್ರತಿಮೆ ಇದೆ. ಒಂದು ಫೋಟೊ ತೆಗೆದು ಮುಂದೆ ನಡೆಯಿರಿ. ಅರಮನೆ ತೋಟದಲ್ಲಿರುವ ಇನ್ನೊಂದು ಪ್ರತಿಮೆ ಹುಡುಕಿ. ಅದರಲ್ಲಿ ಅವನು ಒಬ್ಬ ಕುರುಬನ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದಾನೆ. ನನ್ನ ಯಾವ ಪ್ರಜೆಯ ಮಡಿಲಲ್ಲೂ ನಿರ್ಭಯವಾಗಿ ನಿದ್ದೆ ಮಾಡಬಲ್ಲೆ ಅಂತ ಅವನು ಹೇಳಿದನಂತೆ. ಈ ಕಥೆ ಮನೆಮನೆಗೆ ಹಬ್ಬಿದ್ದು 19ನೇ ಶತಮಾನದ ಒಂದು ಪದ್ಯದಿಂದ. ಕಥೆ ಕೇಳಿ, ಖುಷಿಪಡಿ, ಆದರೆ ಅದನ್ನೇ ಇತಿಹಾಸ ಅಂದುಕೊಳ್ಳಬೇಡಿ. ಸ್ಟುಟ್‌ಗಾರ್ಟ್‌ನಲ್ಲಿ ಪರಿಚಯದವರ ಅಪಾರ್ಟ್‌ಮೆಂಟಿಗೆ ಹೋದರೆ ಬಾಗಿಲ ಹಿಡಿಕೆಗೆ 'ಕೇರ್‌ವೊಖೆ' ಅಂತ ಒಂದು ಸಣ್ಣ ಹಲಗೆ ನೇತಾಡುವುದನ್ನು ನೋಡಬಹುದು. ಈ ವಾರ ಮೆಟ್ಟಿಲು, ಓಣಿ ಗುಡಿಸುವ ಪಾಳಿ ಆ ಮನೆಯವರದು ಅಂತ ಅರ್ಥ. ಈ ರೂಢಿಯ ಮೂಲ ಅವನ ಕಾಲದ 1492ರ ನಗರ ಕಟ್ಟಳೆಯಲ್ಲಿದೆ ಅನ್ನುತ್ತಾರೆ.

ಮಧ್ಯಾಹ್ನ ಟ್ಯೂಬಿಂಗೆನ್. ಸ್ಟುಟ್‌ಗಾರ್ಟಿನಿಂದ ಸೀದಾ ರೈಲಿದೆ. ದಾರಿಯಲ್ಲಿ ನಮ್ಮ ರಾಯ್ಟ್‌ಲಿಂಗೆನ್ ಬರುತ್ತದೆ. ಅದು ಆಗ ನೇರವಾಗಿ ಚಕ್ರವರ್ತಿಗೆ ಸೇರಿದ ಸ್ವತಂತ್ರ ನಗರ, ಎಬರ್‌ಹಾರ್ಡ್‌ನ ಮಾತು ಇಲ್ಲಿ ನಡೆಯುತ್ತಿರಲಿಲ್ಲ. ಅವನ ನಾಡಿನ ನಡುವೆ ಇಂಥ ಎಷ್ಟೋ ಊರುಗಳಿದ್ದವು. ನಕಾಶೆಯಲ್ಲಿ ಒಂದೇ ಬಣ್ಣ ಹುಡುಕಬೇಡಿ.

ಟ್ಯೂಬಿಂಗೆನ್‌ನಲ್ಲಿ ಸೀದಾ ಸಂತ ಜಾರ್ಜ್ ಚರ್ಚಿಗೆ ಹೋಗಿ. 1477ರಲ್ಲಿ ಅವನು ಇಲ್ಲಿ ವಿಶ್ವವಿದ್ಯಾಲಯ ಶುರು ಮಾಡಿದ. ತಾಯಿ ಮೆಖ್ಟಿಲ್ಡ್ ಬೆನ್ನಿಗೆ ನಿಂತಿದ್ದಳು. ಹಣದ ದಾರಿ ನೋಡಿ: ಜಿಂಡೆಲ್‌ಫಿಂಗೆನ್‌ನ ಚರ್ಚಿಗಿದ್ದ ಆದಾಯವನ್ನು ಪೋಪ್‌ನ ಒಪ್ಪಿಗೆ ಪಡೆದು ಇಲ್ಲಿಗೆ ವರ್ಗಾಯಿಸಿದರು. ಮೇಷ್ಟ್ರುಗಳ ಸಂಬಳಕ್ಕೆ ಅದೇ ಆಧಾರವಾಯಿತು. ವಿಶ್ವವಿದ್ಯಾಲಯದ ಲಾಂಛನದಲ್ಲಿ ಇವತ್ತಿಗೂ ಅದೇ ತಾಳೆಮರ ಇದೆ.

ಚರ್ಚಿನ ಗರ್ಭಭಾಗಕ್ಕೆ ಹೋದರೆ ಅವನ ಗೋರಿ, ತಾಯಿಯ ಗೋರಿ ಎರಡೂ ಸಿಗುತ್ತವೆ. ಮೊದಲು ಅವನನ್ನು ಮಣ್ಣು ಮಾಡಿದ್ದು ಇಲ್ಲಲ್ಲ, ಹತ್ತಿರದ ಶ್ಯೋನ್‌ಬುಖ್ ಕಾಡಿನ ಐನ್‌ಜೀಡೆಲ್ ಮಠದಲ್ಲಿ. ಅದನ್ನು ಅವನೇ 1492ರಲ್ಲಿ ಕಟ್ಟಿಸಿದ್ದ. ಪಾದ್ರಿಗಳು, ಶ್ರೀಮಂತರು, ಪಟ್ಟಣದವರು ಒಂದೇ ಸೂರಿನಡಿ ಬಾಳಬೇಕು ಅನ್ನೋದು ಅವನ ಆಸೆ. ಡ್ಯೂಕ್‌ನ ಉಡುಪು ಬೇಡ ಅಂದ. ಆ ಮಠದವರ ನೀಲಿ ನಿಲುವಂಗಿಯಲ್ಲೇ ಹೂಳಿಸಿಕೊಂಡ.

ಇಷ್ಟು ಒಳ್ಳೆಯದನ್ನು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ವಿಶ್ವವಿದ್ಯಾಲಯಕ್ಕೆ 1477ರಲ್ಲಿ ಕೊಟ್ಟ ಹಕ್ಕುಪತ್ರದಲ್ಲೇ ಟ್ಯೂಬಿಂಗೆನ್‌ನಲ್ಲಿ ಯಹೂದಿಗಳು ಇರಕೂಡದು ಅಂತ ಬರೆಸಿದ. ತನ್ನ ಉಯಿಲಿನಲ್ಲಿ ಇಡೀ ನಾಡಿನಿಂದಲೇ ಅವರನ್ನು ದೂರ ಇಡಬೇಕು ಅಂದ. ಪ್ರಜೆಯ ಮಡಿಲಲ್ಲಿ ಮಲಗುವ ದೊರೆಯ ಕಥೆಯಲ್ಲಿ ಈ ಪ್ರಜೆಗಳಿಗೆ ಜಾಗ ಇರಲಿಲ್ಲ. ಮಕ್ಕಳು ಜೊತೆಗಿದ್ದರೂ ಇದನ್ನು ಬಿಡಬೇಡಿ. ಅದನ್ನು ಹೇಳಲು ಗೋರಿಯ ಮುಂದೆಯೇ ನಿಲ್ಲಿ.

ಹೊರಗೆ ಬಂದ ಮೇಲೆ ನೆಕ್ಕರ್ ನದಿಯ ಕಡೆ ಇಳಿಯಿರಿ. ಮಂಗಳೂರಿನಲ್ಲಿ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಈ ವಿಶ್ವವಿದ್ಯಾಲಯದಲ್ಲೇ. 1858ರಲ್ಲಿ ಅವರಿಗೆ, 1896ರಲ್ಲಿ ನಿಘಂಟಿನ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದೂ ಇದೇ. ಕಿಟೆಲ್ 1903ರಲ್ಲಿ ತೀರಿಕೊಂಡಿದ್ದು ಈ ಊರಿನಲ್ಲೇ. ಅಷ್ಟು ಹೊತ್ತು ನಮಗೂ ಈ ಡ್ಯೂಕ್‌ಗೂ ಏನು ಸಂಬಂಧ ಅಂತ ಸುಮ್ನೆ ಹಿಂದೆ ಬರುತ್ತಿದ್ದ ನೆಂಟರು ಇಲ್ಲಿ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಹಾಗಾಗಿ ವಾಪಸ್ ರೈಲನ್ನು ಸ್ವಲ್ಪ ತಡವಾಗಿಯೇ ನೋಡಿಕೊಳ್ಳಿ.