ಮಿಡಿ ಎಷ್ಟು ಹಾಕಲಿ?

"ತಮ್ಮಾ, ಈ ವರ್ಷ ನಿನಗೆ ಎಷ್ಟು ಮಿಡಿ ಹಾಕಲಿ, ಇನ್ನೂರು ಸಾಕೇ?" ಮಾರ್ಚ್‌ನಲ್ಲಿ ಸಾಗರದಿಂದ ಅಕ್ಕ ಫೋನ್ ಮಾಡಿ ಕೇಳಿದಳು. ನನಗೆ ಉತ್ತರವೇ ಬರಲಿಲ್ಲ. ಅಪ್ಪೆಮಿಡಿ ಉಪ್ಪಿನಲ್ಲಿ ಮುರುಟಿ, ಸಾಸಿವೆ ಖಾರ ಹಿಡಿದು ಎಲೆಗೆ ಬರುವಷ್ಟರಲ್ಲಿ ಮಳೆಗಾಲ. ನನ್ನ ಮಟ್ಟಿಗೆ ಮಳೆಗಾಲ ಎಂಬುದೇ ಇರಲಿಲ್ಲ. ದುಃಖವೂ ಆಗಲಿಲ್ಲ, ಕ್ಯಾಲೆಂಡರಿನ ಮುಂದಿನ ಹಾಳೆಗಳನ್ನು ಯಾರೋ ಹರಿದುಕೊಂಡು ಹೋದಂತಿತ್ತು, ಅಷ್ಟೇ.

ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಅದೇ ಎಡವಟ್ಟಾಯಿತು. ಹತಾಶೆ ನನ್ನಲ್ಲಿಗೆ ಭಾವನೆಯಾಗಿ ಬರಲಿಲ್ಲ, ತಾಳೆಯಾದ ಲೆಕ್ಕವಾಗಿ ಬಂತು: ವಯಸ್ಸು 46, ಸಾಲ ಇಷ್ಟು, ನಿದ್ದೆ 3 ಗಂಟೆ, ಉಳಿಕೆ ಸೊನ್ನೆ. "ಧೈರ್ಯ ತಂದುಕೊಳ್ಳಿ" ಎಂದವರ ಮೇಲೆ ಸಿಟ್ಟೇ ಬರುತ್ತಿತ್ತು. ಕೂಡಿ ಕಳೆದು ನೋಡದೆ ಮಾತನಾಡುತ್ತಾರಲ್ಲ!

ಒಂದು ರಾತ್ರಿ ಸಾಯುವ ಯೋಚನೆ ತೀರ ಹತ್ತಿರ ಬಂದು ಕುಳಿತಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ, ಟೆಲಿ ಮಾನಸ್‌ಗೆ, ಕರೆ ಮಾಡಿದೆ. ಹಣ ಕೊಡಬೇಕಿಲ್ಲ, ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತನಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ಬುದ್ಧಿ ಹೇಳಲಿಲ್ಲ. "ಮನೆಯಲ್ಲಿ ಈಗ ಯಾರಿದ್ದಾರೆ, ಅವರನ್ನು ಎಬ್ಬಿಸುತ್ತೀರಾ?" ಎಂದರು. ಹೆಂಡತಿಯನ್ನು ಎಬ್ಬಿಸಿದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ಕಿಗೆ ಅವಳೇ ಕರೆದೊಯ್ದಳು.

ಹತಾಶೆ ಖಿನ್ನತೆ ಎಂಬ ಈ ಕಾಯಿಲೆಯ ಲಕ್ಷಣ, ಅದನ್ನು ಅಳೆಯಲೆಂದೇ ಅಮೆರಿಕದ ಮನೋವೈದ್ಯ ಆರನ್ ಬೆಕ್ ಮತ್ತು ಜೊತೆಗಾರರು 1974ರಲ್ಲಿ 20 ಹೇಳಿಕೆಗಳ ಮಾಪಕ ಮಾಡಿದ್ದಾರೆ ಎಂದರು ಡಾಕ್ಟರು. ಅಳತೆಗೆ ಸಿಗುವುದಾದರೆ ಇಳಿಯಲೂಬಹುದು ಎಂದು ನನ್ನ ಗುಮಾಸ್ತ ಬುದ್ಧಿಗೆ ಹೊಳೆಯಿತು.

ಮಾತ್ರೆಯಿಂದ ಮೊದಲ ವಾರ ಬರೀ ಹೊಟ್ಟೆ ತೊಳಸು. ನಿದ್ದೆ ಹತ್ತಲು 3 ವಾರ ಹಿಡಿಯಿತು. ಜೊತೆಗೆ ಡಾಕ್ಟರು ಒಂದು ಕೆಲಸ ಕೊಟ್ಟಿದ್ದರು. ಹಳೆಯ ಲೆಡ್ಜರಿನಲ್ಲಿ ಎಡಕ್ಕೆ ಅಂದಾಜು, ಬಲಕ್ಕೆ ಆದದ್ದು. ಪೇಟೆಯವರೆಗೆ ನಡೆಯುವುದು, ಸಿಗಬಹುದಾದ ನೆಮ್ಮದಿ ಹತ್ತಕ್ಕೆ 0. ತಿರುಗಿ ಬಂದ ಮೇಲೆ ಬರೆದದ್ದು 2. ಮಗಳಿಗೆ ಗಣಿತ ಹೇಳಿಕೊಡುವುದು, 0. ಆದದ್ದು 3, ಅವಳು ನನ್ನದೇ ತಪ್ಪು ಹಿಡಿದಿದ್ದಳು. ಎಷ್ಟೋ ದಿನ ಎರಡೂ ಕಡೆ ಸೊನ್ನೆಯೇ. ಆದರೂ ತಿಂಗಳ ಕೊನೆಗೆ ಕೂಡಿದರೆ ಎಡಕ್ಕೂ ಬಲಕ್ಕೂ ತಾಳೆಯಾಗಲಿಲ್ಲ. ನೌಕರಿಗೆ ಸೇರಿದಂದಿನಿಂದ ತಾಳೆಯಾಗದ ಲೆಕ್ಕ ಕಂಡು ಸಮಾಧಾನವಾದದ್ದು ಅದೊಂದೇ ಸಲ.

ಅಕ್ಕನಿಗೆ ನಾನು ಉತ್ತರ ಕೊಟ್ಟಿರಲೇ ಇಲ್ಲ. ಆಷಾಢದಲ್ಲಿ ಒಂದು ಭರಣಿ ಬಸ್ಸಿಗೆ ಹಾಕಿ ಕಳಿಸಿದಳು. ಎಷ್ಟಿವೆಯೋ ಎಣಿಸಿಲ್ಲ ಎಂದಳು. ಮಾತ್ರೆ ಇನ್ನೂ ನಡೆಯುತ್ತಿದೆ. ಮಿಡಿಯೊಂದು ಎಲೆಗೆ ಬಿದ್ದಾಗಲೆಲ್ಲ ಲೆಡ್ಜರಿನ ಕೊನೆಯ ಪುಟದಲ್ಲಿ ಗೆರೆ ಹಾಕುತ್ತೇನೆ. ನಿನ್ನೆ ರಾತ್ರಿಗೆ 61.