ಬ್ರಿಟನ್ ಹೊರಗಿನ ಯುದ್ಧಕ್ಕೆ ಸೇನೆ ಕಳಿಸಿದರೆ ನೀವೇನು ಮಾಡಬಹುದು?

"ನಾವು ವೀಸಾ ಮೇಲೆ ಬಂದವರು, ಇವರ ಯುದ್ಧದ ಉಸಾಬರಿ ನಮಗ್ಯಾಕೆ?" ಇಲ್ಲಿ ಬ್ರಿಟನ್ನಿನ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ಯಾರಾದರೂ ಈ ಮಾತು ಹೇಳೇ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಪ್ರತಿ ತಿಂಗಳು ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳುತ್ತಾರಲ್ಲ, ಬಾಂಬು ವಿಮಾನಗಳ ಖರ್ಚು ಅದರಿಂದಲೂ ಹೋಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀವು ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ವೋಟ್ ಹಾಕಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಮೊದಲು, ಯುದ್ಧಕ್ಕೆ ಹೋಗೋಣ ಅಂತ ತೀರ್ಮಾನ ಮಾಡುವವರು ಯಾರು? ಪ್ರಧಾನಿ ಮತ್ತು ಅವರ ಮಂತ್ರಿಮಂಡಲ. ಹಿಂದೆ ರಾಜನ ಕೈಯಲ್ಲಿದ್ದ ಅಧಿಕಾರ ಇದು, ಈಗ ರಾಜನ ಹೆಸರಿನಲ್ಲಿ ಸರ್ಕಾರ ಚಲಾಯಿಸುತ್ತದೆ. ಸಂಸತ್ತಿನ ಒಪ್ಪಿಗೆ ಬೇಕೇ ಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. 2003ರ ನಂತರ ಒಂದು ರೂಢಿ ಬೆಳೆಯಿತು, ತುರ್ತು ಇಲ್ಲದಿದ್ದರೆ ಸೇನೆ ಕಳಿಸುವ ಮುಂಚೆ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಚರ್ಚೆ ಆಗಬೇಕು ಅನ್ನುವುದು. ಸರ್ಕಾರ ನಡೆಸುವ ರೀತಿನೀತಿಗಳ ಕೈಪಿಡಿಯಾದ 2011ರ ಕ್ಯಾಬಿನೆಟ್ ಮ್ಯಾನ್ಯುಯಲ್‌ನಲ್ಲಿ ಇದನ್ನು ಬರೆದೂ ಇದ್ದಾರೆ. ಆದರೆ ರೂಢಿ ರೂಢಿಯೇ, ಮುರಿದರೆ ಕೋರ್ಟಿನಲ್ಲಿ ಹಿಡಿದು ಕೇಳಲು ಆಗುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಆಗಿನ ಪ್ರಧಾನಿ ಥೆರೆಸಾ ಮೇ ಸಿರಿಯಾ ಮೇಲೆ ದಾಳಿ ಮಾಡಿಸಿದಾಗ ಸಂಸತ್ತಿಗೆ ರಜೆ ಇತ್ತು. ದಾಳಿ ಮುಗಿದ ಮೇಲೆ ಬಂದು ವಿವರಣೆ ಕೊಟ್ಟರು, ಅಷ್ಟೇ.

ಹಾಗಾದರೆ ವಿರೋಧ ಮಾಡಿ ಏನು ಪ್ರಯೋಜನ ಅಂತ ಕೇಳಬಹುದು. ಎರಡು ದಿನಗಳ ಕಥೆ ಹೇಳುತ್ತೇನೆ, ನೀವೇ ನೋಡಿ.

2003ರ ಫೆಬ್ರವರಿ 15ರಂದು ಇರಾಕ್ ಯುದ್ಧ ಬೇಡ ಅಂತ ಲಂಡನ್ನಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ನಡೆದರು. ಪೊಲೀಸರ ಲೆಕ್ಕಕ್ಕೂ ಸಂಘಟಕರ ಲೆಕ್ಕಕ್ಕೂ ತುಂಬ ಅಂತರ ಇದೆ, ಆದರೆ ಈ ನಗರ ಅಷ್ಟು ದೊಡ್ಡ ಮೆರವಣಿಗೆ ಅದಕ್ಕೂ ಮುಂಚೆ ಕಂಡಿರಲಿಲ್ಲ ಅನ್ನುವುದರಲ್ಲಿ ಜಗಳ ಇಲ್ಲ. ಮಂತ್ರಿ ರಾಬಿನ್ ಕುಕ್ ಯುದ್ಧವನ್ನು ವಿರೋಧಿಸಿ ಮಾರ್ಚ್ 17ರಂದು ರಾಜೀನಾಮೆ ಕೊಟ್ಟರು. ಮರುದಿನ ಕಾಮನ್ಸ್‌ನಲ್ಲಿ ಮತದಾನ ನಡೆದು 149ರ ವಿರುದ್ಧ 412 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಸಿಕ್ಕಿತು. ಆ ಯುದ್ಧದಲ್ಲಿ 179 ಬ್ರಿಟಿಷ್ ಸೈನಿಕರು ತೀರಿಕೊಂಡರು, ಇರಾಕಿನಲ್ಲಿ ಸತ್ತ ಸಾಮಾನ್ಯ ಜನರ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಈ ಯುದ್ಧದ ಬಗ್ಗೆ ತನಿಖೆ ನಡೆದು 2016ರಲ್ಲಿ ಬಂದ ಚಿಲ್ಕಾಟ್ ವರದಿ, ಶಾಂತಿಯ ದಾರಿಗಳೆಲ್ಲ ಮುಗಿಯುವ ಮುಂಚೆಯೇ ಯುದ್ಧಕ್ಕೆ ಹೋದರು ಅಂತ ಬಿಚ್ಚಿ ಹೇಳಿತು. ಬೀದಿಯಲ್ಲಿ ನಡೆದ ಜನ 13 ವರ್ಷ ಮುಂಚೆ ಹೇಳಿದ್ದು ಅದನ್ನೇ ಅಲ್ವಾ?

ಎರಡನೆಯದು 2013ರ ಆಗಸ್ಟ್ 29. ಸಿರಿಯಾ ಮೇಲೆ ದಾಳಿಗೆ ದಾರಿ ಮಾಡಿಕೊಡುವ ಗೊತ್ತುವಳಿಯನ್ನು ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ ತಂದರು. ಇಲ್ಲಿ ಬಟನ್ ಒತ್ತುವ ಪದ್ಧತಿ ಇಲ್ಲ. ಗಂಟೆ ಬಾರಿಸುತ್ತಾರೆ, ಸದಸ್ಯರು ಎದ್ದು ಹೋಗಿ ಹೌದು ಅನ್ನುವವರು ಒಂದು ಓಣಿಯಲ್ಲಿ, ಇಲ್ಲ ಅನ್ನುವವರು ಇನ್ನೊಂದು ಓಣಿಯಲ್ಲಿ ನಡೆದುಹೋಗುತ್ತಾರೆ, ತಲೆ ಎಣಿಸುತ್ತಾರೆ. ಆ ರಾತ್ರಿ ಹೌದು 272, ಇಲ್ಲ 285. ಪ್ರಧಾನಿಯ ಪಕ್ಷದವರೇ ಕೆಲವರು ಅವರ ವಿರುದ್ಧ ನಡೆದಿದ್ದರು. ಕ್ಯಾಮರನ್ ಸೋಲು ಒಪ್ಪಿದರು, ಬ್ರಿಟನ್ ಆಗ ದಾಳಿಗೆ ಹೋಗಲಿಲ್ಲ. ಇರಾಕಿನ ನೆನಪು ಮತ್ತು ಕ್ಷೇತ್ರದ ಜನ ಬರೆದ ಪತ್ರಗಳು ಆ ರಾತ್ರಿ ಕೆಲಸ ಮಾಡಿದವು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಹದಿಮೂರೇ ಮತ. ಅದಕ್ಕೇ ನಿಮ್ಮ ಎಂಪಿಯನ್ನು ಹಿಡಿಯಿರಿ ಅನ್ನುವುದು. ಕಾಮನ್ಸ್‌ನಲ್ಲಿ 650 ಜನ ಇದ್ದಾರೆ, ಅವರಲ್ಲಿ ಒಬ್ಬರು ನಿಮ್ಮವರು. ಸಂಸತ್ತಿನ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಹೆಸರು ಬರುತ್ತದೆ. ಅವರು ಹಿಂದೆ ಯಾವ ಯುದ್ಧಕ್ಕೆ ಯಾವ ಕಡೆ ವೋಟ್ ಹಾಕಿದ್ದಾರೆ ಅನ್ನುವುದು ದೇ ವರ್ಕ್ ಫಾರ್ ಯೂ ತಾಣದಲ್ಲಿ ಸಿಗುತ್ತದೆ. ಅದನ್ನು ನೋಡಿಕೊಂಡು ಇಮೇಲ್ ಬರೆಯಿರಿ. ಮನೆಯ ವಿಳಾಸ, ಪೋಸ್ಟ್‌ಕೋಡ್ ಮೇಲೆಯೇ ಇರಲಿ, ಬೇರೆ ಕ್ಷೇತ್ರದವರ ಪತ್ರ ಅಂತ ಕಂಡರೆ ಪಕ್ಕಕ್ಕಿಡುತ್ತಾರೆ. ಯಾರೋ ಫಾರ್ವರ್ಡ್ ಮಾಡಿದ ಪತ್ರವನ್ನು ಸುಮ್ನೆ ಅಂಟಿಸಬೇಡಿ. ನಾಲ್ಕೇ ಸಾಲು ಸಾಕು, ನಿಮ್ಮ ಮಾತಿನಲ್ಲೇ ಇರಲಿ: "ನಾನು ಈ ಕ್ಷೇತ್ರದ ಮತದಾರ, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಈ ಯುದ್ಧಕ್ಕೆ ಸೇನೆ ಕಳಿಸುವುದನ್ನು ವಿರೋಧಿಸುತ್ತೇನೆ. ಕಳಿಸುವ ಮುಂಚೆ ಕಾಮನ್ಸ್‌ನಲ್ಲಿ ಮತದಾನ ಆಗಬೇಕು ಅಂತ ನೀವು ಕೇಳುತ್ತೀರಾ? ಮತದಾನ ನಡೆದರೆ ಯಾವ ಕಡೆ ನಿಲ್ಲುತ್ತೀರಿ?" ನೇರ ಪ್ರಶ್ನೆ ಕೇಳಿದರೆ ನೇರ ಉತ್ತರ ಕೊಡಬೇಕಾಗುತ್ತದೆ. ಮುಖಾಮುಖಿ ಮಾತಾಡಬೇಕು ಅಂದರೆ ಎಂಪಿಗಳು ಕ್ಷೇತ್ರದಲ್ಲಿ ಸರ್ಜರಿ ಅಂತ, ಅಂದರೆ ಜನರನ್ನು ಭೇಟಿಯಾಗಿ ಅಹವಾಲು ಕೇಳುವ ಸಭೆ, ನಡೆಸುತ್ತಾರೆ, ಹೆಚ್ಚಾಗಿ ಶುಕ್ರವಾರ ಅಥವಾ ಶನಿವಾರ. ಅವರ ಆಫೀಸಿಗೆ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ.

ಮತದಾರ ಅಂತ ಬರೆಯಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಇಲ್ಲಿ ವಾಸ ಮಾಡುವ, ವೀಸಾ ಸರಿಯಿರುವ, 18 ತುಂಬಿದ ಭಾರತೀಯರು ವಿದ್ಯಾರ್ಥಿಗಳಾದರೂ ನೋಂದಾಯಿಸಬಹುದು. ಗವ್ ಡಾಟ್ ಯುಕೆ ತಾಣದಲ್ಲಿ ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಪಕ್ಕದಲ್ಲಿ ಇಟ್ಟುಕೊಳ್ಳಿ. ವೋಟಿನ ದಿನ ಫೋಟೋ ಗುರುತಿಗೆ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. 1918ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನ ಹೈಫಾದಲ್ಲಿ ಬ್ರಿಟಿಷರ ಪರ ಕುದುರೆ ಏರಿ ನುಗ್ಗಿದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಇದ್ದರು. ಆ ಯುದ್ಧ ಬೇಕೋ ಬೇಡವೋ ಅಂತ ಅವರ ಮನೆಯವರನ್ನು ಕೇಳುವ ಮಾತೇ ಇರಲಿಲ್ಲ. ನಿಮಗೆ ಇವತ್ತು ವೋಟ್ ಇದೆ, ದಯವಿಟ್ಟು ಹಾಳು ಮಾಡಿಕೊಳ್ಳಬೇಡಿ.

ಸಂಸತ್ತಿನ ಪಿಟಿಷನ್ ತಾಣದಲ್ಲಿ ಇಲ್ಲಿ ವಾಸಿಸುವ ಯಾರು ಬೇಕಾದರೂ ಸಹಿ ಹಾಕಬಹುದು. 10,000 ಸಹಿ ಆದರೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ಸಹಿ ಹಾಕಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ.

ಇನ್ನು ಮೆರವಣಿಗೆ. ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕಿಗೆ ಹೋಗಿ ಅಂತಾರೆ. ಇಂಗ್ಲೆಂಡಿನಲ್ಲಿ ಬೀದಿ ಮೆರವಣಿಗೆಗೆ ಸಂಘಟಕರು ಸಾಮಾನ್ಯವಾಗಿ ಆರು ದಿನ ಮುಂಚೆ ಪೊಲೀಸರಿಗೆ ಬರೆದು ತಿಳಿಸಬೇಕು. ಸುಮ್ಮನೆ ಸೇರಿಕೊಳ್ಳುವ ನಿಮಗೆ ಯಾವ ಅನುಮತಿಯೂ ಬೇಡ, ವೀಸಾದವರಿಗೂ ಶಾಂತಿಯಿಂದ ಪ್ರತಿಭಟಿಸುವ ಹಕ್ಕು ಇದೆ. ಆದರೆ ಹುಷಾರಾಗಿರಿ. ದಾರಿ, ಸಮಯದ ಮೇಲೆ ಪೊಲೀಸರು ಷರತ್ತು ಹಾಕಬಹುದು, ಈಚಿನ ವರ್ಷಗಳಲ್ಲಿ ಆ ಅಧಿಕಾರ ಹೆಚ್ಚಾಗಿದೆ. ನಿಷೇಧಿತ ಸಂಘಟನೆಗಳ ಪಟ್ಟಿಯನ್ನು ಹೋಮ್ ಆಫೀಸ್ (ಗೃಹ ಇಲಾಖೆ) ತಾಣದಲ್ಲಿ ನೋಡಿಕೊಳ್ಳಿ, ಅವರ ಬಾವುಟ, ಬ್ಯಾಡ್ಜ್ ಮುಟ್ಟಲೇಬೇಡಿ. ಅಕಸ್ಮಾತ್ ಹಿಡಿದುಕೊಂಡು ಹೋದರೆ ಠಾಣೆಯಲ್ಲಿ ವಕೀಲರ ಸಲಹೆ ಪುಕ್ಕಟೆ ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ. ಬೇಗ ಮನೆಗೆ ಹೋಗಬಹುದು ಅಂತ "ಕಾಶನ್"ಗೆ, ಅಂದರೆ ಪೊಲೀಸರು ಕೊಡುವ ಅಧಿಕೃತ ಎಚ್ಚರಿಕೆಗೆ, ಸಹಿ ಹಾಕಬೇಡಿ. ಅದು ತಪ್ಪು ಒಪ್ಪಿಕೊಂಡಂತೆ, ಮುಂದೆ ಪಿಆರ್ (ಕಾಯಂ ವಾಸ) ಅರ್ಜಿಯಲ್ಲೂ ಪೌರತ್ವದ ಅರ್ಜಿಯಲ್ಲೂ ಬರೆಯಬೇಕಾಗುತ್ತದೆ.

ಮತದಾನ ನಡೆದರೆ ಯಾರು ಯಾವ ಓಣಿಯಲ್ಲಿ ನಡೆದರು ಅಂತ ಸಂಸತ್ತಿನ ತಾಣದಲ್ಲಿ ಹೆಸರು ಸಮೇತ ಹಾಕುತ್ತಾರೆ. ನಿಮ್ಮ ಎಂಪಿ ಹೆಸರು ಹುಡುಕಿ, ಏನು ಮಾಡಿದರು ನೋಡಿ, ಮತ್ತೊಂದು ಪತ್ರ ಬರೆಯಿರಿ.